ಹುರುಪೆಗಳ್ಳ

ಪಿರಾನ್ಹಾ ಎಂಬ ಹೆಸರು ಕಿವಿಗೆ ಬಿದ್ದೊಡನೆಯೇ, ನೀರಿಗಿಳಿದ ದನವೊಂದು ಕ್ಷಣಾರ್ಧದಲ್ಲಿ ಅಸ್ಥಿಪಂಜರವಾಗುವ ಭೀಕರ ಚಿತ್ರವನ್ನು ಕಲ್ಪಿಸಿಕೊಳ್ಳುವುದು ನಮಗೆ ರೂಢಿಯಾಗಿಬಿಟ್ಟಿದೆ. ಆ ಚಿತ್ರದಲ್ಲಿ ಅತಿಶಯೋಕ್ತಿಯೇ ಹೆಚ್ಚೆಂಬ ಮಾತು ಹಾಗಿರಲಿ, ಅದೇ ಕುಲದಲ್ಲಿ ಹುಟ್ಟಿಯೂ, ಇತರ ಮೀನುಗಳ ಮೈಮೇಲಿನ ಹುರುಪೆಗಳನ್ನು ಕಿತ್ತು ತಿಂದು ಹೊಟ್ಟೆ ಹೊರೆಯುವ ಜ್ಞಾತಿಯೊಂದು ಉಂಟೆಂಬುದನ್ನು ಬಲ್ಲವರು ವಿರಳ. ದಕ್ಷಿಣ ಅಮೆರಿಕದ ಅಮೆಜಾನ್, ಒರಿನೋಕೊ, ಪರಾಗ್ವೆ ಮೊದಲಾದ ನದಿಗಳ ಜಾಲದಲ್ಲಿ ವಾಸಿಸುವ ಈ ಮೀನಿನ ಶಾಸ್ತ್ರೀಯ ನಾಮಧೇಯ ಕ್ಯಾಟೋಪ್ರಿಯಾನ್ ಮೆಂಟೊ. 1819ರಲ್ಲಿ ಇದನ್ನು ಮೊದಲು ವರ್ಣಿಸಿದವನು ಫ್ರಾನ್ಸಿನ ಕ್ಯುವಿಯೆ. ಕ್ಯಾಟೋಪ್ರಿಯಾನ್ ಎಂದರೆ ಗ್ರೀಕಿನಲ್ಲಿ 'ಕೆಳಗಣ ಗರಗಸ'. ಪಿರಾನ್ಹಾಗಳಿಗಿರುವಂತೆ ಇದಕ್ಕೂ ಹೊಟ್ಟೆಯಂಚು ಹಲ್ಲುಹಲ್ಲಾಗಿದೆ.

ಗೇಣಿಗಿಂತ ಕಿರಿದಾದ, ಬೆಳ್ಳಿಯ ಬಿಲ್ಲೆಯಂತೆ ಚಪ್ಪಟೆಯಾದ ಮೈ, ಬೆನ್ನಿನ ಈಜುರೆಕ್ಕೆಯಿಂದ ಎಳೆಯಾಗಿ ಹಿಂದಕ್ಕೆ ಹರಿದ ಪತಾಕೆ, ಇಷ್ಟನ್ನೇ ನೋಡಿದರೆ ಇದು ಸುಂದರ ಮೀನೇ ಸರಿ. ಮುಖದ ಮಾತು ಬೇರೆ. ಮುನಿಸಿಕೊಂಡ ಮುದುಕನ ಗದ್ದದಂತೆ ಕೆಳದವಡೆ ಮುಂದಕ್ಕೆ ಚಾಚಿಕೊಂಡಿದೆ. ಪಿರಾನ್ಹಾಗಳ ಹಲ್ಲುಗಳು ಒಂದರ ಪಕ್ಕದಲ್ಲೊಂದು ಕೂಡಿಕೊಂಡು ಮಾಂಸವನ್ನು ಕತ್ತರಿಸುವ ಅಲಗಾದರೆ, ಇದರ ಹಲ್ಲುಗಳು ಬಾಯೊಳಗೆ ಅಡಗಿರಲೊಲ್ಲದೆ ಹೊರಮುಖವಾಗಿ ವಾಲಿವೆ. ವಿಕಾರವೆನಿಸುವ ಈ ಮುಖವೇ ಅದರ ಜೀವನೋಪಾಯ. ಬೇಟೆ ಕಣ್ಣಿಗೆ ಬಿದ್ದೊಡನೆ, ಸುಮಾರು 120 ಡಿಗ್ರಿಯಷ್ಟು ಬಾಯಿ ತೆರೆದುಕೊಂಡು, ವೇಗವಾಗಿ ನುಗ್ಗಿ, ಅದರ ಪಕ್ಕೆಗೆ ಢಿಕ್ಕಿ ಹೊಡೆಯುತ್ತದೆ; ಕಚ್ಚಿದ ಹಲ್ಲಿಗೆ ಸಿಕ್ಕವು ಕೆಲವಾದರೆ, ಡಿಕ್ಕಿಯ ಆಘಾತಕ್ಕೇ ಕಳಚಿ ಉದುರುವ ಹುರುಪೆಗಳು ಹಲವು.

ಆದರೆ ಹುರುಪೆಯಲ್ಲಿ ತಿನ್ನುವಂಥದೇನಿದೆ? ನಮ್ಮ ಅಡುಗೆಮನೆಗಳಲ್ಲಿ ಕೆರೆದು ಬಿಸುಡುವ ಆ ಒರಟು ಬಿಲ್ಲೆಗಳು ಬರಿಯ ಸುಣ್ಣವಲ್ಲ. ಕೊಲಾಜೆನ್ ಎಂಬ ಪ್ರೋಟೀನಿನ ಹಂದರದಲ್ಲಿ ಕ್ಯಾಲ್ಸಿಯಂ ಫಾಸ್ಫೇಟನ್ನು ತುಂಬಿ ಕಟ್ಟಿದ ರಚನೆಯದು, ಮೇಲೆ ತೆಳುಚರ್ಮವೂ ಲೋಳೆಯೂ ಲೇಪಗೊಂಡಿರುವುದರಿಂದ ಪುಷ್ಟಿಗೆ ತೀರ ಕೊರತೆಯಿಲ್ಲ. ಅದಕ್ಕಿಂತ ಮಿಗಿಲಾಗಿ, ಕಿತ್ತ ಹುರುಪೆಯ ಸ್ಥಾನದಲ್ಲಿ ಹೊಸದು ಬೆಳೆಯುತ್ತದೆ. ಅಸಲನ್ನು ಮುಟ್ಟದೆ ಬಡ್ಡಿಯಲ್ಲೇ ಬಾಳುವ ಸಾಹುಕಾರನಂತೆ, ಬೇಟೆಯನ್ನು ಬದುಕಗೊಟ್ಟು ಅದರ ಹೊದಿಕೆಯನ್ನಷ್ಟೇ ಸುಲಿಯುವ ಈ ವೃತ್ತಿಯನ್ನು ದಯೆಯೆನ್ನಬೇಕೋ ಲೆಕ್ಕಾಚಾರವೆನ್ನಬೇಕೋ, ಸಾಲಗಾರನ ಪಕ್ಷದಿಂದ ನೋಡಿದರೆ ಎರಡೂ ಅಲ್ಲ.

ಈ ಕಸುಬು ಇದೊಂದರದೇ ಸ್ವತ್ತೂ ಅಲ್ಲ. ಅದೇ ಅಮೆಜಾನಿನ ನೀರಿನಲ್ಲಿ, ಬೇರೊಂದು ವಂಶಕ್ಕೆ ಸೇರಿದ ಎಕ್ಸೋಡಾನ್ ಎಂಬ ಪುಟ್ಟ ಮೀನೂ ಹುರುಪೆಗಳನ್ನು ಕೀಳುತ್ತದೆ. ಅದರ ಹಲ್ಲುಗಳೂ ಹೊರಕ್ಕೇ ಚಾಚಿವೆ. ಆ ಹೆಸರಿನ ಅರ್ಥವೇ 'ಹೊರಹಲ್ಲು'. ಒಂದೇ ಕಸುಬು ಬೇರೆಬೇರೆ ಮನೆತನದ ಬಾಯಿಗಳನ್ನು ಒಂದೇ ಅಚ್ಚಿಗೆ ಎಳೆದಿದೆಯೆಂದು ಇದರಿಂದ ಊಹಿಸಬಹುದು.

ಕ್ಯಾಟೋಪ್ರಿಯಾನ್ ಸದಾ ಡಿಕ್ಕಿ ಹೊಡೆಯುತ್ತಲೇ ಇರುವುದೆಂದು ಮಾತ್ರ ಭಾವಿಸಬಾರದು. ಯಾರ ಮೈಗೂ ಅಂಟಿಕೊಂಡಿರದೆ, ನೀರಿನಲ್ಲಿ ತಾನಾಗಿ ಇಳಿದುಬರುವ ಬಿಡಿ ಹುರುಪೆಯೊಂದು ಎದುರಾದಾಗ, ಬಾಯನ್ನು ಅಷ್ಟೊಂದು ಅಗಲಿಸುವ ಗೋಜಿಗೆ ಹೋಗದೆ, ಇತರ ಸಾಧು ಮೀನುಗಳಂತೆಯೇ ಅದನ್ನು ನೀರಿನೊಡನೆ ಒಳಗೆ ಹೀರಿಕೊಂಡು ಮುಂದೆ ಸಾಗುತ್ತದೆ.