ಪೈಪು ಕಟ್ಟಿತೇ? ಮೊದಲು ಚೇಂಬರಿನ ಮುಚ್ಚಳ ತೆರೆದು ನೋಡಿ

ಆಟಿಯ ಜಡಿಮಳೆಗೂ ಕಕ್ಕಸಿನ ಪೈಪು ಕಟ್ಟುವುದಕ್ಕೂ ಎಂತ ಸಂಬಂಧ? ಸಂಬಂಧ ಉಂಟು ಎಂಬುದು ಕಾಸರಗೋಡು ಜಿಲ್ಲೆಯಲ್ಲಿ ಮನೆ ಕಟ್ಟಿ ಕೂತವರಿಗೆಲ್ಲ ಗೊತ್ತು. ಬೇಸಗೆಯಲ್ಲಿ ಸರಾಗ ಹೋಗುತ್ತಿದ್ದ ನೀರು ಜುಲೈ ಬಂತೆಂದರೆ ಕಕ್ಕಸಿನಲ್ಲೇ ನಿಲ್ಲುತ್ತದೆ. ಬಚ್ಚಲಿನ ಜಾಲರಿಯಿಂದ ಗುಳುಗುಳು ಸದ್ದು. ಮನೆಯವರು ಪೈಪಿಗೆ ಕೋಲು ಹಾಕುತ್ತಾರೆ, ಆಸಿಡ್ ಸುರಿಯುತ್ತಾರೆ. ಪ್ರಯೋಜನವಿಲ್ಲ. ಕಾರಣ, ಕಟ್ಟಿದ್ದು ಪೈಪಲ್ಲ, ಗುಂಡಿ.

ಕೇರಳದಲ್ಲಿ ತಿರುವನಂತಪುರ, ಕೊಚ್ಚಿ ನಗರಗಳ ಕೆಲವು ಭಾಗ ಬಿಟ್ಟರೆ ಹೆಚ್ಚಿನ ಕಡೆ ಬೀದಿಯಲ್ಲಿ ಒಳಚರಂಡಿ ಎಂಬುದಿಲ್ಲ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಮನೆಯ ಮಲಿನ ನೀರು ಮನೆಯ ಹಿತ್ತಿಲಲ್ಲೇ ಇಂಗಬೇಕು. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆಗ ಅಂತರ್ಜಲ ಮೇಲೆ ಬರುತ್ತದೆ. ನೀರು ಕುಡಿದು ಸಾಕಾದ ನೆಲ ಇಂಗುಗುಂಡಿಯ ನೀರನ್ನು ಎಲ್ಲಿಗೆ ಕೊಂಡುಹೋಗುವುದು?

ಕಟ್ಟಿದ್ದು ಎಲ್ಲಿ?

ಹಾಗಾಗಿ ಕೋಲು ಹಿಡಿಯುವ ಮೊದಲು ಪತ್ತೆ ಮಾಡಬೇಕು. ಒಂದೇ ಬೇಸಿನ್ ಅಥವಾ ಒಂದೇ ಬಚ್ಚಲಲ್ಲಿ ನೀರು ನಿಂತರೆ ತೊಂದರೆ ಅಲ್ಲಿಯ ಬಾಗಿದ ಪೈಪಿನಲ್ಲಿ. ಮನೆಯಲ್ಲಿ ತಗ್ಗಿನಲ್ಲಿರುವ ಎಲ್ಲವೂ ಒಟ್ಟಿಗೆ ತುಂಬಿದರೆ ಮುಖ್ಯ ಲೈನಿನಲ್ಲಿ. ಚೇಂಬರುಗಳ ಮುಚ್ಚಳ ಒಂದೊಂದಾಗಿ ತೆರೆಯಿರಿ. ಮೇಲಿನದು ತುಂಬಿ, ಕೆಳಗಿನದು ಒಣಗಿದ್ದರೆ ಕಟ್ಟಿದ್ದು ಅವೆರಡರ ನಡುವೆ. ಎಲ್ಲವೂ ತುಂಬಿದ್ದರೆ ತೊಂದರೆ ಟ್ಯಾಂಕಿಯಲ್ಲಿ ಅಥವಾ ಇಂಗುಗುಂಡಿಯಲ್ಲಿ. ಪೈಪಿಗೆ ಎಷ್ಟು ಕುಟ್ಟಿದರೂ ನೀರು ಇಳಿಯದು.

ನಡುವೆ ಕಟ್ಟಿದ್ದರೆ ಒಣಗಿದ ಚೇಂಬರಿನ ಕಡೆಯಿಂದ ಸ್ಪ್ರಿಂಗ್ ಕೇಬಲನ್ನೋ ಸೀಳಿದ ಬಿದಿರನ್ನೋ ತಿರುಗಿಸುತ್ತಾ ತೂರಿಸಬೇಕು. ಬಿಡಿಸಿದ ಕೂಡಲೇ ನೀರು ನುಗ್ಗಿ ಬರುತ್ತದೆ. ಬಾಯಿಗೆ ಮುಖ ಕೊಟ್ಟು ನಿಲ್ಲಬಾರದು. ಹೊರಬಂದ ಬಟ್ಟೆ, ಪ್ಯಾಡು, ಮಗುವಿನ ಡಯಾಪರು ಮುಂದೆ ಹೋಗದಂತೆ ಅಲ್ಲೇ ಎತ್ತಿ ತೆಗೆಯಬೇಕು. ಆಸಿಡ್ ಹಾಗೂ ಬ್ಲೀಚಿಂಗ್ ಪೌಡರನ್ನು ಒಟ್ಟಿಗೆ ಹಾಕಲೇಬಾರದು. ಎರಡೂ ಸೇರಿದರೆ ಕ್ಲೋರಿನ್ ವಿಷಾನಿಲ ಏಳುತ್ತದೆ. ಬ್ಲೀಚಿಂಗ್ ಪೌಡರು ಬಾವಿಗೆ ಒಳ್ಳೆಯದೇ. ಸೆಪ್ಟಿಕ್ ಟ್ಯಾಂಕಿಗೆ ಸುರಿದರೆ ಅಲ್ಲಿ ಮಲ ಕರಗಿಸುವ ಸೂಕ್ಷ್ಮಜೀವಿಗಳೇ ಸಾಯುತ್ತವೆ.

ಅಡುಗೆಮನೆಯ ತೆಂಗಿನೆಣ್ಣೆ

ನಮ್ಮ ಕಡೆಯ ಅಡುಗೆಮನೆಯ ಪೈಪಿಗೆ ಬೇರೆಯೇ ಕಾಯಿಲೆ. ತೆಂಗಿನೆಣ್ಣೆ ಸುಮಾರು 24-25 ಡಿಗ್ರಿ ಸೆಲ್ಸಿಯಸ್‌ಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಚಳಿಯಲ್ಲಿ ಬಾಟಲಿಯಲ್ಲಿ ಆಗುವುದೇ ಪೈಪಿನಲ್ಲೂ ಆಗುವುದು. ಅದಕ್ಕೆ ಗಂಜಿತಿಳಿ, ಕಾಯಿತುರಿ, ಪಾತ್ರೆ ತಿಕ್ಕಿದ ತೆಂಗಿನ ನಾರು ಅಂಟಿದರೆ ಗಾರೆ ಹಾಕಿದಷ್ಟೇ ಗಟ್ಟಿ. ಹೊಸದಾದ ಜಿಡ್ಡಿಗೆ ವಾಷಿಂಗ್ ಸೋಡ ಕರಗಿಸಿದ ಬಿಸಿನೀರು ಸಾಕು. ಆದರೆ ಕುದಿಯುವ ನೀರು ಬೇಡ, ಪಿವಿಸಿ ಪೈಪು ಮೆದುವಾಗಿ ಜಗ್ಗುತ್ತದೆ.

ಹೋಟೆಲು, ಬೇಕರಿ ನಡೆಸುವವರು ಪೈಪು ಹೊರಬರುವಲ್ಲೇ ಒಂದು ಜಿಡ್ಡಿನ ತೊಟ್ಟಿ ಕಟ್ಟಿಸಬೇಕು. ನಡುವೆ ಅಡ್ಡಗೋಡೆ, ಹೊರದಾರಿ ಅಡಿಯಿಂದ. ಎಣ್ಣೆ ಮೇಲೆ ತೇಲಿ ಉಳಿಯುತ್ತದೆ, ನೀರು ಮುಂದೆ ಹೋಗುತ್ತದೆ. ವಾರಕ್ಕೊಮ್ಮೆ ಜಿಡ್ಡು ಬಾಚಿ ತೆಗೆದರಾಯಿತು. ಮನೆಗಳಲ್ಲಿ ಅಡುಗೆಮನೆಯ ನೀರನ್ನು ಬಾಳೆಬುಡಕ್ಕೆ ಬಿಡುವ ಹಿರಿಯರ ಕ್ರಮವೇ ಚಂದ. ಸೆಪ್ಟಿಕ್ ಟ್ಯಾಂಕಿಯ ಹೊರೆಯೂ ಇಳಿಯುತ್ತದೆ.

ಇಳಿಜಾರು ಮತ್ತು ಬೇರು

ನಾಲ್ಕಿಂಚಿನ ಪೈಪಿಗೆ 40 ಅಡಿಗೆ ಒಂದು ಅಡಿ ಇಳಿಜಾರು, ಅಂದರೆ 10 ಅಡಿಗೆ ಮೂರಿಂಚು, ಹಳೆಯ ಲೆಕ್ಕ. ಕಡಿಮೆಯಾದರೆ ಮಲ ನಿಲ್ಲುತ್ತದೆ. ಹೆಚ್ಚಾದರೂ ಕಷ್ಟ: ನೀರು ಓಡಿ ಗಟ್ಟಿ ಹಿಂದೆ ಉಳಿಯುತ್ತದೆ. ಪೈಪು ತಿರುಗುವಲ್ಲೆಲ್ಲ ಚೇಂಬರು ಇರಲಿ. ಒಂದೇ ಚೌಕ ಬೆಂಡಿನ ಬದಲು 45 ಡಿಗ್ರಿಯ ಎರಡು ಬೆಂಡು ಹಾಕಿಸಿ. ಮೇಸ್ತ್ರಿ ಪೈಪು ಮುಚ್ಚುವ ಮೊದಲು ಟ್ಯೂಬ್ ಲೆವೆಲ್ ಹಿಡಿಸಿ ನೋಡುವುದಕ್ಕೆ ನಾಚಿಕೆ ಬೇಡ.

ತೆಂಗಿನ ಚಟುವಟಿಕೆಯ ಬೇರುಗಳಲ್ಲಿ ಹೆಚ್ಚಿನವು ಬುಡದಿಂದ ಎರಡು ಮೀಟರಿನೊಳಗೆ ಇರುತ್ತವೆ. ಅವು ಹಲಸು, ಅಶ್ವತ್ಥದ ಬೇರಿನಂತೆ ವರ್ಷವರ್ಷ ದಪ್ಪವಾಗಿ ಪೈಪು ಒಡೆಯುವುದಿಲ್ಲ. ಆದರೆ ಸಡಿಲ ಜಾಯಿಂಟು ಸಿಕ್ಕಿದರೆ ಒಳಗೆ ನುಗ್ಗಿ ಪೊದೆ ಕಟ್ಟುತ್ತವೆ. ಆದ್ದರಿಂದ ತೆಂಗಿನ ಬುಡ ತಪ್ಪಿಸಿ ಲೈನು ಎಳೆಯಬೇಕು, ಹಳೆಯ ಸಿಮೆಂಟು ಪೈಪಿನ ಜಾಯಿಂಟು ನೋಡಿಸಬೇಕು.

ಬಾವಿಯೂ ಗುಂಡಿಯೂ

ಮುರಕಲ್ಲಿನ ತುಂಬ ತೂತು. ನೀರು ಬೇಗ ಇಂಗುತ್ತದೆಂದು ನಮಗೆ ಸಂತೋಷ. ಅದೇ ತೂತುಗಳಲ್ಲಿ ಗುಂಡಿಯ ನೀರು ಬಾವಿಗೂ ಬೇಗ ಮುಟ್ಟುತ್ತದೆ. ಕೇರಳದ ಕಟ್ಟಡ ನಿಯಮದಂತೆ ಬಾವಿಗೂ ಸೆಪ್ಟಿಕ್ ಟ್ಯಾಂಕಿ, ಇಂಗುಗುಂಡಿಗೂ ಕನಿಷ್ಠ ಏಳೂವರೆ ಮೀಟರ್, ಅಂದರೆ ಸುಮಾರು 25 ಅಡಿ ಅಂತರ ಬೇಕು. ಜಾಗ ಇದ್ದವರು ಇನ್ನೂ ದೂರ ಇಡಲಿ. ಗುಂಡಿ ಬಾವಿಗಿಂತ ತಗ್ಗಿನಲ್ಲಿರಲಿ. ಬಾಯಾರು, ಎಣ್ಮಕಜೆ ಕಡೆ ಸುರಂಗದ ನೀರು ಕುಡಿಯುವವರು ಮೇಲಿನ ಗುಡ್ಡದಲ್ಲಿ ಗುಂಡಿ ತೋಡುವ ಮೊದಲು ಎರಡು ಸಲ ಯೋಚಿಸಬೇಕು.

ಎರಡು-ಮೂರು ವರ್ಷಕ್ಕೊಮ್ಮೆ ಟ್ಯಾಂಕಿಯ ಕೆಸರು ತೆಗೆಸದಿದ್ದರೆ ಅದು ಇಂಗುಗುಂಡಿಗೆ ಹರಿದು ಮುರಕಲ್ಲಿನ ತೂತು ಮುಚ್ಚುತ್ತದೆ. ಆಮೇಲೆ ಹೊಸ ಗುಂಡಿಯೇ ಗತಿ. ತೆಗೆದ ಕೆಸರನ್ನು ಲಾರಿಯವನು ಎಲ್ಲಿ ಸುರಿಯುತ್ತಾನೆಂದು ಕೇಳುವುದೂ ನಮ್ಮ ಕೆಲಸ. ರಾತ್ರಿ ತೋಡಿಗೆ ಬಿಟ್ಟರೆ ಅದು ಹೋಗಿ ನಿಲ್ಲುವುದು ಯಾರದೋ ಅಡಕೆ ತೋಟದ ಕಟ್ಟದಲ್ಲಿ.

ಒಳಗಿಳಿಸಬೇಡಿ

ಎಲ್ಲಕ್ಕಿಂತ ಮುಖ್ಯ ಮಾತು ಇದು. ಟ್ಯಾಂಕಿಯೊಳಗೆ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲವಿರುತ್ತದೆ. ಕಡಿಮೆ ಇದ್ದರೆ ಕೊಳೆತ ಮೊಟ್ಟೆಯ ವಾಸನೆ. ಹೆಚ್ಚಾದರೆ ಮೂಗೇ ಮರಗಟ್ಟಿ ವಾಸನೆ ತಿಳಿಯುವುದಿಲ್ಲ. "ಈಗ ವಾಸನೆ ಇಲ್ಲ, ಇಳಿಯಬಹುದು" ಎಂಬ ಮಾತೇ ಮೃತ್ಯು. 2015ರ ನವೆಂಬರಿನಲ್ಲಿ ಕೋಝಿಕ್ಕೋಡಿನಲ್ಲಿ ಮ್ಯಾನ್‌ಹೋಲಿಗೆ ಇಳಿದ ಆಂಧ್ರದ ಇಬ್ಬರು ಕಾರ್ಮಿಕರನ್ನು ಉಳಿಸಲು ಹೋದ ಆಟೋ ಚಾಲಕ ನೌಷಾದ್ ಕೂಡ ಬದುಕಿ ಬರಲಿಲ್ಲ, ಮೂವರೂ ಹೋದರು.

ರಕ್ಷಣೆಯ ಸಲಕರಣೆ ಇಲ್ಲದೆ ಯಾರನ್ನೇ ಆದರೂ ಟ್ಯಾಂಕಿಗೆ ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಇಳಿಸಿದ ಮನೆ ಯಜಮಾನನಿಗೂ ಇದು ಅನ್ವಯ. ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹೀರುವ ಯಂತ್ರದ ಬಾಡಿಗೆ ಇದರೆದುರು ಏನೂ ಅಲ್ಲ.

ಸೌದೆ ಒಟ್ಟುವುದು, ಮಾಡಿನ ಹಂಚು ತಿರುವುವುದು ಪತ್ತನಾಜೆಯೊಳಗೆ ಮುಗಿಯಬೇಕಲ್ಲ? ಆ ಪಟ್ಟಿಗೆ ಇನ್ನು ಮೂರು ಸೇರಲಿ: ಚೇಂಬರಿನ ಮುಚ್ಚಳ ತೆರೆದು ನೋಡುವುದು, ಮಾಡಿನ ನೀರು ಗುಂಡಿಯ ಕಡೆ ಹರಿಯದಂತೆ ಕಣಿ ಕಡಿಯುವುದು, ಗಾಳಿ ಪೈಪಿನ ತುದಿಯ ಬಲೆ ಸರಿಯುಂಟೋ ನೋಡುವುದು. ಅರ್ಧ ದಿನದ ಕೆಲಸ.