ಪಿಎಂ ಶ್ರೀ: ವಿಧಾನಸೌಧದಲ್ಲಿ ಚರ್ಚೆಯಾಗಬೇಕಾದ್ದು ಒಂದು ಸಹಿಯಲ್ಲಿ ಮುಗಿದರೆ ಹೇಗೆ?

ಕೇಂದ್ರದ ಶಿಕ್ಷಣ ಯೋಜನೆಗೆ ರಾಜ್ಯ ಸೇರಬೇಕಾದ್ರೆ ವಿಧಾನಸಭೆಯಲ್ಲಿ ಮಸೂದೆ ಪಾಸಾಗಬೇಕು ಅಂತ ಅಂದುಕೊಂಡವರು ಬಹಳ ಜನ. ಹಾಗೇನಿಲ್ಲ. ಶಿಕ್ಷಣ ಇಲಾಖೆ ಒಂದು ಒಡಂಬಡಿಕೆಗೆ ಸಹಿ ಹಾಕಿದ್ರೆ ಸಾಕು.

'ಪಿಎಂ ಶ್ರೀ'ಯನ್ನೇ ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ ಇದು. 14,500ಕ್ಕೂ ಹೆಚ್ಚು ಶಾಲೆಗಳ ಅಭಿವೃದ್ಧಿಗೆ 27,360 ಕೋಟಿ ರೂಪಾಯಿ. ಅದರಲ್ಲಿ ಕೇಂದ್ರದ ಪಾಲು 18,128 ಕೋಟಿ. ಲ್ಯಾಬ್, ಲೈಬ್ರರಿ, ಸ್ಮಾರ್ಟ್ ಕ್ಲಾಸ್ ಯಾರಿಗೆ ಬೇಡ? ಆದರೆ ಸಹಿ ಹಾಕಿದ ರಾಜ್ಯ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಆ ಶಾಲೆಗಳಲ್ಲಷ್ಟೇ ಅಲ್ಲ, ಇಡೀ ರಾಜ್ಯದಲ್ಲಿ ಒಪ್ಪಬೇಕು ಅನ್ನೋದು ಷರತ್ತು.

ಶಿಕ್ಷಣ 1976ರ 42ನೇ ತಿದ್ದುಪಡಿಯಿಂದ ಸಮವರ್ತಿ ಪಟ್ಟಿಯಲ್ಲಿದೆ. ರಾಜ್ಯ ಕಾನೂನು ಮಾಡಬಹುದಾದ ವಿಷಯದಲ್ಲಿ ಸರ್ಕಾರ ಆಡಳಿತಾತ್ಮಕ ನಿರ್ಧಾರವನ್ನೂ ತಗೋಬಹುದು ಅನ್ನುತ್ತೆ ಸಂವಿಧಾನದ 162ನೇ ವಿಧಿ. ಹಾಗಾಗಿ ಶಾಸಕರ ಮುಂದೆ ಬರೋದು ಬಜೆಟ್ಟಿನ ಅಂಕಿ ಮಾತ್ರ, ಷರತ್ತಲ್ಲ.

ಸಹಿ ಹಾಕದಿದ್ರೆ? ತಮಿಳುನಾಡಿಗೆ ಸಮಗ್ರ ಶಿಕ್ಷಣದ 2,000 ಕೋಟಿಗೂ ಹೆಚ್ಚು ಹಣ ನಿಂತುಹೋಯಿತು. ಅದು 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಕೇರಳ 2025ರ ಅಕ್ಟೋಬರ್‌ನಲ್ಲಿ ಸಹಿ ಹಾಕಿ, ಗದ್ದಲವಾದ ಮೇಲೆ ಒಂದೇ ವಾರದಲ್ಲಿ ಯೋಜನೆಯನ್ನು ತಡೆಹಿಡಿಯಿತು. ಕರ್ನಾಟಕ ಮಾತ್ರ ಎರಡು ದೋಣಿಯಲ್ಲಿ ಕಾಲಿಟ್ಟಿದೆ. ಇಲ್ಲಿ ಪಿಎಂ ಶ್ರೀ ಶಾಲೆಗಳೂ ಇವೆ. ಅತ್ತ ಸುಖದೇವ್ ಥೋರಟ್ ಆಯೋಗ 2025ರ ಆಗಸ್ಟ್‌ನಲ್ಲಿ ರಾಜ್ಯದ್ದೇ ನೀತಿಯ ವರದಿ ಕೊಟ್ಟು, ದ್ವಿಭಾಷಾ ಸೂತ್ರ ಶಿಫಾರಸು ಮಾಡಿದೆ.

ಇದು ಕೆಜಿಎಫ್‌ಗೆ ಯಾಕೆ ಮುಖ್ಯ? 2001ರಲ್ಲಿ ಗಣಿ ಮುಚ್ಚಿತು. ಅಂದಿನಿಂದ ಮಾರಿಕುಪ್ಪಂ, ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯೋಕೆ ಹೋಗೋರ ಮಕ್ಕಳಿಗೆ ಸರ್ಕಾರಿ ಶಾಲೆಯೇ ಆಸರೆ. ಮನೆಯಲ್ಲಿ ತಮಿಳು ಇಲ್ಲವೇ ತೆಲುಗು, ಬೀದಿಯಲ್ಲಿ ಕನ್ನಡ, ಕೆಲಸಕ್ಕೆ ಇಂಗ್ಲಿಷ್. ಮೂರನೇ ಭಾಷೆ ಅಂದ್ರೆ ಹಿಂದಿ ಹೇರಿಕೆ ಅನ್ನೋ ಸಿಟ್ಟು ನನಗೂ ಇದೆ. ಆದರೆ ಚಾಂಪಿಯನ್ ರೀಫ್ಸ್‌ನ ಮಗುವಿಗೆ ಕನ್ನಡ, ಇಂಗ್ಲಿಷ್ ಜೊತೆ ತಾಯಿನುಡಿಗೂ ಜಾಗ ಸಿಗೋದು ಅದೇ ಮೂರನೇ ಸ್ಥಾನದಲ್ಲಿ. ಎರಡೇ ಭಾಷೆ ಅಂದ್ರೆ ಆ ಜಾಗವೂ ಹೋಗಬಹುದು.

ದೆಹಲಿಯ ಸೂತ್ರವಾಗಲಿ, ಬೆಂಗಳೂರಿನ ಸೂತ್ರವಾಗಲಿ, ಈ ಮಗುವನ್ನು ಎದುರಿಗಿಟ್ಟುಕೊಂಡು ಸದನದಲ್ಲಿ ಚರ್ಚೆಯಾಗಲಿ. ಒಡಂಬಡಿಕೆಯ ಪ್ರತಿಯನ್ನು ಮೊದಲು ಸದನದಲ್ಲಿ ಮಂಡಿಸಿ ಅಂತ ನಿಮ್ಮ ಶಾಸಕರನ್ನು ಕೇಳಿ. ಇಲ್ಲ ಅಂದ್ರೆ ಹತ್ತು ರೂಪಾಯಿ ಕೊಟ್ಟು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ.