ಆಗುಂಬೆ ಘಾಟಿಯಲ್ಲಿ ಪೆಟ್ರೋಲು ನಡೆದ ದಾರಿ

ಘಾಟಿಯ ಬುಡದ ಸೋಮೇಶ್ವರದಲ್ಲಿ ಕಾರು ನಿಲ್ಲಿಸಿದಾಗ ಮಧ್ಯಾಹ್ನ 2.30. ಏಪ್ರಿಲ್ ತಿಂಗಳ ಕರಾವಳಿ ಸೆಕೆ. ಅಂಗಿ ಬೆನ್ನಿಗೆ ಅಂಟಿತ್ತು, ರಸ್ತೆ ಬದಿಯ ಮರಗಳಲ್ಲಿ ಒಂದೆಲೆಯೂ ಅಲುಗುತ್ತಿರಲಿಲ್ಲ. ಘಾಟಿ ಹತ್ತುವವರು ಬೆಳಗಿನ ತಂಪು ಹುಡುಕುತ್ತಾರೆ. ನಾವು ಬೇಕೆಂದೇ ಈ ಹೊತ್ತನ್ನು ಆರಿಸಿಕೊಂಡಿದ್ದೆವು. ಅಪ್ಪ 1978ರಲ್ಲಿ ಕೊಂಡ ಅಂಬಾಸಿಡರ್ ಮಾರ್ಕ್ 3 ಹೋದ ಬೇಸಿಗೆಯಲ್ಲಿ ಇದೇ ಘಾಟಿಯ ಎಂಟನೇ ತಿರುವಿನಲ್ಲಿ ನಿಂತುಬಿಟ್ಟಿತ್ತು. ಹಿಂದೆ ಮಿನಿ ಬಸ್ಸುಗಳ ಸಾಲು, ಹಾರ್ನು, ಹಿಂದಿನ ಸೀಟಿನಲ್ಲಿ ಎಂಬತ್ತು ದಾಟಿದ ಅಮ್ಮ. ಮುಕ್ಕಾಲು ಗಂಟೆ ಕಾದ ಮೇಲೆ ಏನೂ ಆಗದ ಹಾಗೆ ಸ್ಟಾರ್ಟ್ ಆಗಿತ್ತು. ಆ ಮುಕ್ಕಾಲು ಗಂಟೆಯ ಕಾರಣ ಹುಡುಕಿ, ಸರಿಮಾಡಿ, ಈಗ ಅದೇ ದಾರಿಯಲ್ಲಿ ಅದೇ ಬಿಸಿಲಿನಲ್ಲಿ ಪರೀಕ್ಷೆಗೆ ಹೊರಟಿದ್ದೇವೆ. ಜೊತೆಗೆ ಈ ಕೆಲಸ ಮಾಡಿಕೊಟ್ಟ ಹೆಬ್ರಿ ಕಡೆಯ ಮೇಸ್ತ್ರಿ. ನಲವತ್ತು ವರ್ಷದಿಂದ ಅಂಬಾಸಿಡರ್, ಫಿಯೆಟ್‌ಗಳ ಹೊಟ್ಟೆ ಬಿಚ್ಚಿ ನೋಡಿದ ಕೈ ಅವರದು.

"ಹತ್ತುವ ಮೊದಲು ಒಮ್ಮೆ ಪೆಟ್ರೋಲಿನ ದಾರಿ ನಡೆದು ಬರುವ, ಬನ್ನಿ" ಎಂದು ಅವರು ಡಿಕ್ಕಿಯ ಕಡೆ ಹೋದರು. ನಾನು ಬಾನೆಟ್ ಎತ್ತಲು ಮುಂದೆ ಹೊರಟವನು ತಿರುಗಿ ಬಂದೆ. ಕಾರು ಬಿಸಿಯಾಗಿ ನಿಂತಿತು ಅಂದರೆ ಎಲ್ಲರೂ ಮುಂದೆ ಓಡುತ್ತಾರೆ, ಪೆಟ್ರೋಲು ಹೊರಡುವುದು ಹಿಂದಿನಿಂದ.

ಮೊದಲು ಟ್ಯಾಂಕಿನ ಮುಚ್ಚಳ. ಪೆಟ್ರೋಲು ಖಾಲಿಯಾದಷ್ಟೂ ಗಾಳಿ ಒಳಗೆ ಬರಬೇಕು. ಅದಕ್ಕೆ ಮುಚ್ಚಳದಲ್ಲೋ ಟ್ಯಾಂಕಿನ ಮೇಲೋ ಸಣ್ಣ ದಾರಿ ಇರುತ್ತದೆ. ಧೂಳು ತುಂಬಿ ಆ ದಾರಿ ಮುಚ್ಚಿದರೆ, ಅಥವಾ ಹಳೆಯ ಮುಚ್ಚಳ ಕಳೆದು ಅಂಗಡಿಯಲ್ಲಿ ಸಿಕ್ಕ ತೂತಿಲ್ಲದ ಮುಚ್ಚಳ ಹಾಕಿದರೆ, ಟ್ಯಾಂಕಿನೊಳಗೆ ನಿರ್ವಾತ ಹುಟ್ಟುತ್ತದೆ. ಪಂಪು ಎಳೆದರೂ ಪೆಟ್ರೋಲು ಬರುವುದಿಲ್ಲ. ಲಕ್ಷಣ ಮಾತ್ರ ಬಿಸಿಗೆ ನಿಂತ ಕಾರಿನದ್ದೇ: ಸ್ವಲ್ಪ ದೂರ ಓಡಿ ನಿಲ್ಲುತ್ತದೆ, ಕಾದರೆ ಮತ್ತೆ ಓಡುತ್ತದೆ. ಮೇಸ್ತ್ರಿ ನಮ್ಮ ಮುಚ್ಚಳ ಬಿಚ್ಚಿ, ಬಾಯಿಟ್ಟು ಊದಿ ನೋಡಿ ಮತ್ತೆ ಹಾಕಿದರು.

ಅಲ್ಲಿಂದ ಲೋಹದ ಕೊಳವೆ ಕಾರಿನ ಅಡಿಯಲ್ಲಿ ಮುಂದಕ್ಕೆ ಹರಿಯುತ್ತದೆ. ಅದೇ ಅಡಿಯಲ್ಲಿ ಸೈಲೆನ್ಸರ್ ಕೊಳವೆಯೂ ಹಿಂದಕ್ಕೆ ಬರುತ್ತದೆ. ಇವೆರಡೂ ಎಲ್ಲಿ ಹತ್ತಿರವಾಗುತ್ತವೆ ಎಂದು ಮಂಡಿಯೂರಿ ನೋಡಬೇಕು. ನಮ್ಮ ಕಾರಿನಲ್ಲಿ ಯಾವಾಗಲೋ ಸೈಲೆನ್ಸರ್ ಬದಲಿಸಿದವರು ಪೆಟ್ರೋಲ್ ಪೈಪಿನ ಕ್ಲಿಪ್ಪುಗಳನ್ನು ಮರಳಿ ಹಾಕಿರಲಿಲ್ಲ. ಪೈಪು ಜೋತು ಸೈಲೆನ್ಸರಿಗೆ ಎರಡು ಬೆರಳಿನಷ್ಟು ಹತ್ತಿರ ಬಂದಿತ್ತು. ಅದನ್ನು ಎತ್ತಿ ಕಟ್ಟಲು ನಾಲ್ಕು ಕ್ಲಿಪ್ಪು, ಅರ್ಧ ಗಂಟೆ ಸಾಕಾಯಿತು. ಇಡೀ ಕೆಲಸದಲ್ಲಿ ಅತಿ ಅಗ್ಗದ್ದು ಇದು. ಅತಿ ಹೆಚ್ಚು ಫಲ ಕೊಟ್ಟವುಗಳಲ್ಲೂ ಇದೊಂದು ಎಂದು ನನ್ನ ನಂಬಿಕೆ.

ಈಗ ಬಾನೆಟ್. ಎಂಜಿನ್ ಪಕ್ಕಕ್ಕೆ ಬೋಲ್ಟ್ ಮಾಡಿದ ಪಂಪು. ಕ್ಯಾಮ್‌ಶಾಫ್ಟ್ ತಿರುಗಿದ ಹಾಗೆ ಇದರ ತೋಳು ಮೇಲೆ ಕೆಳಗೆ ಆಡುತ್ತದೆ, ಒಳಗಿನ ಡಯಾಫ್ರಮ್ ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಎಳೆಯುತ್ತದೆ. ಈ ಎಳೆಯುವುದರಲ್ಲೇ ತೊಂದರೆಯ ಮೂಲ ಇದೆ. ಒತ್ತಡ ಕಡಿಮೆಯಾದಷ್ಟೂ ಯಾವುದೇ ದ್ರವ ಬೇಗ ಕುದಿಯುತ್ತದೆ. ಬಾಯಿಂದ ಎಳೆದ ಹಾಗೆ ಕೊಳವೆಯೊಳಗೆ ಒತ್ತಡ ಇಳಿದಿರುತ್ತದೆ. ಪಂಪು ಕೂತಿರುವುದು ಸುಡುವ ಎಂಜಿನ್ನಿನ ಮೈಗೆ. ಎರಡೂ ಸೇರಿದ ಜಾಗದಲ್ಲೇ ಪೆಟ್ರೋಲು ಗುಳ್ಳೆಯೇಳುತ್ತದೆ. ನೀರಿನಂತೆ ಪೆಟ್ರೋಲಿಗೆ ಒಂದೇ ಕುದಿಬಿಂದು ಇಲ್ಲ. ಅದು ಹಲವು ದ್ರವಗಳ ಬೆರಕೆ. ಹಗುರವಾದ ಭಾಗ 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಆವಿಯಾಗತೊಡಗುತ್ತದೆ, ಭಾರದ ಭಾಗಕ್ಕೆ 200 ಡಿಗ್ರಿ ಬೇಕು. ಹಗುರ ಭಾಗ ಆವಿಯಾದರೆ 200 ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಪಂಪು ದ್ರವ ತಳ್ಳುವ ಯಂತ್ರ. ಆವಿ ಸಿಕ್ಕರೆ ಅದನ್ನೇ ಹಿಂಡುತ್ತಾ, ಬಿಡುತ್ತಾ ಕೂರುತ್ತದೆ, ಕಾರ್ಬ್ಯುರೇಟರಿಗೆ ಒಂದು ಹನಿಯೂ ಹೋಗುವುದಿಲ್ಲ.

"ಗ್ಯಾರೇಜಲ್ಲಿ ನಾವೆಲ್ಲ ಏರ್ ಲಾಕ್ ಅಂತ ಹೇಳುದು" ಎಂದರು ಮೇಸ್ತ್ರಿ. "ಆದ್ರೆ ಹೊರಗಿನ ಗಾಳಿ ಅಲ್ಲ ಮಾರಾಯ್ರೆ, ಪೆಟ್ರೋಲೇ ಆವಿ ಆಗಿ ಅಡ್ಡ ಕೂತದ್ದು."

ಪಂಪಿನ ಹಿಂದೆ ಹೊಸ ರಬ್ಬರ್ ಹೋಸ್ ಇದೆ. ಎಥೆನಾಲ್ ತಾಳುವ ಜಾತಿಯದನ್ನೇ ಕೇಳಿ ತಂದದ್ದು. ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲು ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದದ್ದು 2023ರ ಫೆಬ್ರವರಿಯಲ್ಲಿ, ಅದರ ಬಿಡುಗಡೆ ನಡೆದದ್ದು ಬೆಂಗಳೂರಿನಲ್ಲೇ. ಈಗ ಬಂಕಿನಲ್ಲಿ ಸಾಮಾನ್ಯವಾಗಿ ಸಿಗುವುದೇ ಅದು. ಎಥೆನಾಲ್ ಒಂದೇ ಇದ್ದರೆ 78 ಡಿಗ್ರಿಗೆ ಕುದಿಯುತ್ತದೆ, ಹಾಗಾಗಿ ಅಪಾಯವಿಲ್ಲ ಎಂದು ಅನ್ನಿಸಬಹುದು. ಆದರೆ ಪೆಟ್ರೋಲಿನ ಹಗುರ ಭಾಗದ ಜೊತೆ ಬೆರೆತಾಗ ಅದು ಆ ಭಾಗವನ್ನು ಇನ್ನೂ ಬೇಗ ಆವಿಯಾಗಿಸುತ್ತದೆ. ಸ್ವಲ್ಪವೇ ಬೆರೆಸಿದಾಗ ಈ ಗುಣ ಹೆಚ್ಚು, 20ರ ಹೊತ್ತಿಗೆ ತುಸು ಇಳಿದಿರುತ್ತದೆ, ಆದರೂ ಉಳಿದಿರುತ್ತದೆ. ಮತ್ತೊಂದು ಸಂಗತಿ: ಎಥೆನಾಲಿನಲ್ಲಿ ಆಮ್ಲಜನಕ ಇದೆ. ಹೊಸ ಕಾರಿನ ಕಂಪ್ಯೂಟರು ಅದನ್ನರಿತು ಇಂಧನ ಹೆಚ್ಚಿಸಿಕೊಳ್ಳುತ್ತದೆ. ನಮ್ಮ ಸೋಲೆಕ್ಸ್ ಕಾರ್ಬ್ಯುರೇಟರಿನ ಜೆಟ್ಟಿಗೆ, ಅಂದರೆ ಪೆಟ್ರೋಲು ಅಳೆದು ಬಿಡುವ ತೂತಿಗೆ, ಆ ಬುದ್ಧಿ ಇಲ್ಲ. ಮಿಶ್ರಣ ಬಡವಾಗುತ್ತದೆ, ಎಳೆತ ಕುಗ್ಗುತ್ತದೆ, ಎಂಜಿನ್ ಬಿಸಿಯಾಗುತ್ತದೆ. ಮೇಸ್ತ್ರಿ ಮೇನ್ ಜೆಟ್ ಒಂದು ಅಳತೆ ದೊಡ್ಡದು ಹಾಕಿದ್ದಾರೆ. ಹಳೆಯ ಹೋಸುಗಳೂ ಡಯಾಫ್ರಮ್ಮೂ ಎಥೆನಾಲಿಗೆಂದು ಮಾಡಿದವಲ್ಲ. ಊದಿಕೊಳ್ಳುತ್ತವೆ, ಬಿರುಕು ಬಿಡುತ್ತವೆ. ಸೋರಿದ ಪೆಟ್ರೋಲು ಹೊಗೆ ಹೊರಬರುವ ಬಿಸಿ ಮ್ಯಾನಿಫೋಲ್ಡಿನ ಮೇಲೆ ಬಿದ್ದರೆ ಕಾರು ನಿಲ್ಲುವ ಮಾತಲ್ಲ, ಹೊತ್ತಿ ಉರಿಯುವ ಮಾತು. ಮೇಸ್ತ್ರಿ ಹೋಸನ್ನು ಮೊದಲ ದಿನವೇ ಬದಲಿಸಿದ್ದು ಅದಕ್ಕೇ.

ಕೊನೆಗೆ ಕಾರ್ಬ್ಯುರೇಟರ್. ನಾನು ಹೆಚ್ಚು ಹೊತ್ತು ನಿಂತು ನೋಡಿದ್ದು ಇಲ್ಲಿ. ಈ 1489 ಸಿಸಿ ಎಂಜಿನ್ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸೀರೀಸ್ ವಂಶದ್ದು, ಕಾರು ಮಾರಿಸ್ ಆಕ್ಸ್‌ಫರ್ಡ್‌ನ ಮೂರನೇ ಮಾದರಿಯ ಸಂತತಿ. ಇದರಲ್ಲಿ ಪೆಟ್ರೋಲು ಒಳಗೆ ಹೋಗುವ ಬಾಗಿಲೂ ಹೊಗೆ ಹೊರಗೆ ಬರುವ ಬಾಗಿಲೂ ಎಂಜಿನ್ನಿನ ಒಂದೇ ಮಗ್ಗುಲಲ್ಲಿವೆ. ಕೆಂಪಗೆ ಕಾಯುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೆಯೇ ಕಾರ್ಬ್ಯುರೇಟರ್ ಕೂತಿದೆ, ಒಲೆಯ ಮೇಲೆ ಇಟ್ಟ ಪಾತ್ರೆಯ ಹಾಗೆ. ಚಳಿದೇಶದಲ್ಲಿ ಈ ನೆರೆಹೊರೆ ಉಪಕಾರ. ತಣ್ಣನೆಯ ಬೆಳಗಿನಲ್ಲಿ ಪೆಟ್ರೋಲು ಚೆನ್ನಾಗಿ ಆವಿಯಾಗಿ ಗಾಳಿಯ ಜೊತೆ ಬೆರೆಯಲು ಶಾಖ ಬೇಕು. ಕರಾವಳಿಯ ಏಪ್ರಿಲ್‌ಗೆ ಅದು ಬೇಕಾಗಿಲ್ಲ.

ಅಪ್ಪನ ಕಾಲದಲ್ಲಿ ಇವೆರಡರ ನಡುವೆ ಒಂದು ತಗಡು ಇತ್ತು. ನನಗೆ ಚೆನ್ನಾಗಿ ನೆನಪಿದೆ, ಚಿಕ್ಕವನಿದ್ದಾಗ ಅದರ ಅಂಚು ತಾಗಿ ಬೆರಳು ಕುಯ್ದುಕೊಂಡಿದ್ದೆ. ಕೆಲವು ವರ್ಷಗಳ ಹಿಂದೆ ಎಂಜಿನ್ ಇಳಿಸಿ ಬಣ್ಣ ಮಾಡಿಸಿದಾಗ ಆ ತಗಡು ಮರಳಿ ಬರಲಿಲ್ಲ. ಕಾರ್ಬ್ಯುರೇಟರಿನ ಅಡಿಯಲ್ಲಿದ್ದ ದಪ್ಪ ಬೇಕಲೈಟ್ ತುಂಡೂ ಹೋಗಿ, ಅದರ ಜಾಗದಲ್ಲಿ ತೆಳ್ಳನೆಯ ಕಾಗದದ ಪ್ಯಾಕಿಂಗ್ ಬಂದಿತ್ತು. ಹೊರಗಿನಿಂದ ನೋಡಿದರೆ ಕಾರು ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು. ಎಂಟನೇ ತಿರುವಿನಲ್ಲಿ ಅಮ್ಮ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾ ಕೂತದ್ದಕ್ಕೆ ಈ ಎರಡು ಚಿಕ್ಕ ತುಂಡುಗಳು ಇಲ್ಲದ್ದೂ ಕಾರಣ. ಹಳೆ ಕಾರುಗಳನ್ನು ಹೊಸದಾಗಿಸುವ ಉತ್ಸಾಹದಲ್ಲಿ ಇಂಥವೇ ಮೊದಲು ಕಸದ ಬುಟ್ಟಿ ಸೇರುತ್ತವೆ. ಅವುಗಳಿಗೆ ಹೊಳಪಿಲ್ಲ, ಹೆಸರಿಲ್ಲ, ಏನು ಕೆಲಸ ಎಂದು ಕೇಳುವವರಿಲ್ಲ.

ಮೇಸ್ತ್ರಿ ಅಲ್ಯೂಮಿನಿಯಂ ಹಾಳೆ ಕತ್ತರಿಸಿ ಹೊಸ ತಗಡು ಮಾಡಿದ್ದಾರೆ. ಅದು ಮ್ಯಾನಿಫೋಲ್ಡಿಗೂ ತಾಗಿಲ್ಲ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ತುಂಬಿ ನಿಲ್ಲುವ ಫ್ಲೋಟ್ ಚೇಂಬರಿಗೂ ತಾಗಿಲ್ಲ. ಮೇಲೂ ಕೆಳಗೂ ಗಾಳಿ ಆಡಬೇಕು, ತಾಗಿದರೆ ತಗಡೇ ಶಾಖವನ್ನು ಹೊತ್ತು ತರುತ್ತದೆ. ಬೇಕಲೈಟ್ ತುಂಡು ಕೂರಿಸಲು ಉದ್ದನೆಯ ಸ್ಟಡ್ಡು ಬೇಕಾಯಿತು. ಕಾರ್ಬ್ಯುರೇಟರ್ ಎತ್ತರವಾದದ್ದರಿಂದ ಆಕ್ಸಿಲರೇಟರ್ ಕಡ್ಡಿಯನ್ನೂ ಹೊಂದಿಸಬೇಕಾಯಿತು, ಬಾನೆಟ್ ಮುಚ್ಚಿದಾಗ ಏರ್ ಫಿಲ್ಟರ್ ತಾಗುತ್ತದೆಯೇ ಎಂದು ಹಿಟ್ಟಿನ ಉಂಡೆ ಇಟ್ಟು ನೋಡಬೇಕಾಯಿತು. ಹಿಂದೆಲ್ಲ ಇಂಥ ಕಡೆ ಕಲ್ನಾರಿನ ಹಾಳೆ ಬಳಸುತ್ತಿದ್ದರು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಹಳೆಯ ಕಾರಿನಲ್ಲಿ ಅದು ಸಿಕ್ಕರೆ ಉಜ್ಜಬಾರದು, ಊದಬಾರದು.

ಹೊರಟೆವು. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರ, ಅಲ್ಲಿಗೆ 14 ಹಿಮ್ಮುರಿ ತಿರುವು. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿದು ಪೆಟ್ರೋಲು ಕುದಿಯುತ್ತದೆ ಎಂದು ಹಲವರು ಹೇಳುತ್ತಾರೆ. ನಿಜ, ಆದರೆ ಅಲ್ಪ. ಇಷ್ಟು ಎತ್ತರಕ್ಕೆ ಒತ್ತಡ ಇಳಿಯುವುದು ಶೇಕಡಾ 7ರಷ್ಟು. ನೀರಿನ ಕುದಿಬಿಂದು ಕೇವಲ 2 ಡಿಗ್ರಿ ಇಳಿಯುತ್ತದೆ. ಘಾಟಿಯ ಏಟು ಬೇರೆ ಕಡೆ ಇದೆ. ಎಂಜಿನ್ ಪೂರ್ತಿ ಶಕ್ತಿ ಹಾಕುತ್ತಿರುತ್ತದೆ, ಕಾರು ಮಾತ್ರ ನಡೆಯುವ ವೇಗದಲ್ಲಿರುತ್ತದೆ. ಮುಂದಿನಿಂದ ನುಗ್ಗುವ ಗಾಳಿ ಇಲ್ಲ.

ನಾನು ಹಳೆಯ ಅಭ್ಯಾಸದಂತೆ ಎರಡನೇ ಗೇರಿನಲ್ಲಿ ಎಳೆಸುತ್ತಿದ್ದೆ. "ಒಂದಕ್ಕೆ ಹಾಕಿ, ಸ್ವಲ್ಪ ಕೂಗ್ಲಿ ಅದು" ಎಂದರು ಮೇಸ್ತ್ರಿ. ಫ್ಯಾನೂ ನೀರಿನ ಪಂಪೂ ಬೆಲ್ಟಿನಿಂದ ಎಂಜಿನ್ನಿಗೇ ಕಟ್ಟಿಕೊಂಡಿವೆ. ಎಂಜಿನ್ ನಿಧಾನವಾದರೆ ಅವೂ ನಿಧಾನ. ಕೂಗಿದರೆ ಗಾಳಿಯೂ ಹೆಚ್ಚು, ನೀರಿನ ಓಟವೂ ಹೆಚ್ಚು, ಪೆಟ್ರೋಲು ಕೂಡ ಬಿಸಿ ಜಾಗದಲ್ಲಿ ನಿಲ್ಲದೆ ಮುಂದೆ ಸಾಗುತ್ತದೆ. ಎಂಟನೇ ತಿರುವು ಬಂದಾಗ ನಾನು ಉಸಿರು ಹಿಡಿದದ್ದು ಅವರಿಗೆ ಗೊತ್ತಾಗಿರಬೇಕು. ಸುಮ್ಮನೆ ಕಿಟಕಿಯಾಚೆ ನೋಡುತ್ತಿದ್ದರು. ಕಾರು ಒಮ್ಮೆಯೂ ಕೆಮ್ಮದೆ ತಿರುಗಿತು. ಹೋದ ವರ್ಷ ನಾನು ಕಲ್ಲಿಟ್ಟು ಚಕ್ರ ತಡೆದಿದ್ದ ಮೋರಿ ಹಿಂದೆ ಸರಿಯಿತು.

ಇಷ್ಟೆಲ್ಲ ಮಾಡಿದರೂ ಸಾಲದಿದ್ದರೆ? ಮೇಸ್ತ್ರಿ ಎರಡು ದಾರಿ ಹೇಳಿದರು. ಕಾರ್ಬ್ಯುರೇಟರಿನ ಹತ್ತಿರ ಪೈಪಿಗೆ ಕವಲು ಕೊಟ್ಟು, ಒಂದು ಮಿಲಿಮೀಟರ್ ಆಸುಪಾಸಿನ ಸಣ್ಣ ತೂತಿನ ಮೂಲಕ ಸ್ವಲ್ಪ ಪೆಟ್ರೋಲು ಸದಾ ಟ್ಯಾಂಕಿಗೆ ಮರಳುವಂತೆ ಮಾಡುವುದು. ಗುಳ್ಳೆ ಎದ್ದರೂ ಅದು ಆ ಕವಲಿನಲ್ಲಿ ಹಿಂದೆ ಹೋಗುತ್ತದೆ. ಇನ್ನೊಂದು, ಟ್ಯಾಂಕಿನ ಪಕ್ಕದಲ್ಲೇ ವಿದ್ಯುತ್ ಪಂಪು ಕೂರಿಸುವುದು. ಆಗ ಪೆಟ್ರೋಲನ್ನು ಎಳೆಯುವ ಬದಲು ತಳ್ಳಿದಂತಾಗುತ್ತದೆ, ಕೊಳವೆಯಲ್ಲಿ ಒತ್ತಡ ಏರಿ ಕುದಿಯುವುದು ತಡವಾಗುತ್ತದೆ. ಆದರೆ ಕಾರ್ಬ್ಯುರೇಟರಿಗೆ ಬರುವ ಪೆಟ್ರೋಲನ್ನು ತಡೆಯುವ ಸೂಜಿ ತಾಳುವುದು 3–4 ಪಿಎಸ್‌ಐ ಒತ್ತಡ ಅಷ್ಟೇ. ಹೊಸ ಇಂಜೆಕ್ಷನ್ ಕಾರಿನ ಪಂಪು ತಂದು ಹಾಕಿದರೆ ಪೆಟ್ರೋಲು ಉಕ್ಕಿ ಹರಿಯುತ್ತದೆ. ಅಪಘಾತವಾಗಿ ಎಂಜಿನ್ ನಿಂತಾಗ ಪಂಪೂ ತಾನಾಗಿ ನಿಲ್ಲುವ ಸ್ವಿಚ್ ಇಲ್ಲದೆ ಅದನ್ನು ಕೂರಿಸಲು ಇವರು ಒಪ್ಪುವುದಿಲ್ಲ. ಆ ಹಟ ನನಗೆ ಹಿಡಿಸಿತು.

ಸೂರ್ಯಾಸ್ತ ನೋಡುವ ಕಟ್ಟೆಯ ಹತ್ತಿರ ನಿಲ್ಲಿಸಿ ಕೀ ತಿರುಗಿಸಲು ಹೋದೆ. ಮೇಸ್ತ್ರಿ ಕೈ ಅಡ್ಡ ಹಿಡಿದರು. "ಎರಡು ನಿಮಿಷ ಓಡ್ಲಿ." ಘಾಟಿ ಹತ್ತಿದ ಎಂಜಿನ್ನನ್ನು ತಟ್ಟನೆ ನಿಲ್ಲಿಸಿದರೆ ಫ್ಯಾನ್ ನಿಲ್ಲುತ್ತದೆ, ನೀರು ನಿಲ್ಲುತ್ತದೆ, ಕಬ್ಬಿಣದಲ್ಲಿ ತುಂಬಿದ ಶಾಖವೆಲ್ಲ ಮೇಲೇರಿ ಕಾರ್ಬ್ಯುರೇಟರಿಗೆ ಬರುತ್ತದೆ. ಫ್ಲೋಟ್ ಚೇಂಬರಿನ ಪೆಟ್ರೋಲು ಉಕ್ಕಿ, ಎಂಜಿನ್ನಿನ ಒಳಗೆ ಹೋಗುವ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಸುರಿಯುತ್ತದೆ. ಚಹಾ ಕುಡಿದು ಬಂದು ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುವುದಿಲ್ಲ. ಇದು ಏರ್ ಲಾಕಿಗೆ ತದ್ವಿರುದ್ಧ: ಅಲ್ಲಿ ಪೆಟ್ರೋಲು ಇಲ್ಲದೆ ನಿಲ್ಲುತ್ತದೆ, ಇಲ್ಲಿ ಹೆಚ್ಚಾಗಿ. ಆಗ ಆಕ್ಸಿಲರೇಟರನ್ನು ಪದೇ ಪದೇ ತುಳಿಯಬಾರದು, ತುಳಿದಷ್ಟೂ ಇನ್ನಷ್ಟು ಸುರಿಯುತ್ತದೆ. ಒಮ್ಮೆ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು, ಗಾಳಿ ನುಗ್ಗಿ ಒಳಗಿನ ಹಸಿ ಒಣಗುತ್ತದೆ. ನಾವು ಎರಡು ನಿಮಿಷ ಓಡಿಸಿ, ನಿಲ್ಲಿಸಿ, ಬಾನೆಟ್ ಎತ್ತಿಟ್ಟೆವು.

ಸಂಜೆಯ ಜನ ಸೇರುತ್ತಿದ್ದರು. ಪಡುವಣದ ಕಾಡು ಮಸುಕು ನೀಲಿಯಾಗಿ ಇಳಿದು ಇಳಿದು ದೂರದಲ್ಲಿ ಮಂಜಿನ ಜೊತೆ ಸೇರಿತ್ತು. ಅಷ್ಟರಲ್ಲಿ ತೀರ್ಥಹಳ್ಳಿ ಕಡೆಯಿಂದ ಬಂದ ಒಂದು ಬಿಳಿ ಪ್ರೀಮಿಯರ್ ಪದ್ಮಿನಿ ರಸ್ತೆಯಂಚಿನಲ್ಲಿ ಎರಡು ಸಲ ಮುಗ್ಗರಿಸಿ ನಿಂತಿತು. ಓಡಿಸುತ್ತಿದ್ದ ಹುಡುಗ ಇಳಿದು ಬಾನೆಟ್ ಎತ್ತಿದ. ಹಿಂದಿನಿಂದ ಅವನ ತಂದೆ ನೀರಿನ ಬಾಟಲಿ ಹಿಡಿದು ಬಂದರು.

ಮೇಸ್ತ್ರಿ ಹೆಚ್ಚುಕಡಿಮೆ ಓಡಿದರು. "ನಿಲ್ಲಿ ಮಾರಾಯ್ರೆ, ನೀರು ಹೊಯ್ಬೇಡಿ, ಮ್ಯಾನಿಫೋಲ್ಡ್ ಒಡೀತದೆ!" ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಸೀಳು ಬಿಡುತ್ತದೆ. ಪಂಪಿಗೆ ಒದ್ದೆ ಬಟ್ಟೆ ಸುತ್ತುವುದು ಹಳೆಯ ಚಾಲಕರ ಉಪಾಯ, ಅದು ಸರಿ, ಸುರಿಯುವುದು ಸರಿಯಲ್ಲ.

"ಏರ್ ಲಾಕ್ ಅಲ್ವಾ ಅಣ್ಣಾ?" ಹುಡುಗ ಕೇಳಿದ.

"ಇರ್ಬಹುದು. ಮೊದ್ಲು ಕರೆಂಟು ನೋಡುವ." ಬಿಸಿಯಾದಾಗ ಕೈಕೊಡುವ ಕಂಡೆನ್ಸರೂ ಕಾಯಿಲೂ ಇದೇ ನಾಟಕ ಆಡುತ್ತವೆ, ತಣ್ಣಗಾದರೆ ಸರಿಹೋಗಿ ಎಲ್ಲರನ್ನೂ ಪೆಟ್ರೋಲಿನ ಬೆನ್ನು ಹತ್ತಿಸುತ್ತವೆ. ಪ್ಲಗ್ ಬಿಚ್ಚಿ ವಯರಿಗೆ ಸಿಕ್ಕಿಸಿ, ಕಾರ್ಬ್ಯುರೇಟರಿನಿಂದ ಆದಷ್ಟು ದೂರ ಎಂಜಿನ್ ಮೈಗೆ ತಾಗಿಸಿ ಸೆಲ್ಫ್ ಹೊಡೆಸಿದರು. ನೀಲಿ ಕಿಡಿ ಚಟಚಟ ಹಾರಿತು. ಕರೆಂಟು ಇದೆ. ಪಂಪಿನ ಮೇಲೆ ಕೈಯಿಟ್ಟರು. ತೆಗೆಯದೆ ಹಾಗೇ ಇಟ್ಟುಕೊಂಡರು. ಅಷ್ಟೇನೂ ಬಿಸಿ ಇರಲಿಲ್ಲ. ಒಂದು ಗಳಿಗೆ ಯೋಚಿಸಿ ಕಾರಿನ ಹಿಂಭಾಗಕ್ಕೆ ನಡೆದರು. ಹುಡುಗ ಅರ್ಥವಾಗದೆ ನನ್ನ ಮುಖ ನೋಡಿದ.

ಟ್ಯಾಂಕಿನ ಮುಚ್ಚಳ ಹೊಚ್ಚ ಹೊಸದು, ಫಳಫಳ ಹೊಳೆಯುತ್ತಿತ್ತು. ಮೇಸ್ತ್ರಿ ಅದನ್ನು ಅರ್ಧ ತಿರುಗಿಸಿದ್ದೇ ತಡ, ನಾವು ನಿಂತಲ್ಲಿಗೂ ಕೇಳುವಂತೆ ಹುಸ್ಸೆಂದು ಗಾಳಿ ಒಳಗೆ ನುಗ್ಗಿತು.